ಬಾಗಿಲಾಚೆಯ ಲೆಕ್ಕ

ಬುಧವಾರ, ಮಧ್ಯಾಹ್ನ
ಹೆಂಗಸರ ವಾರ್ಡ್, ಕಿಟಕಿ ಪಕ್ಕದ ಮಂಚ

ನನ್ನ ಬೊಬ್ಬೆಮರಿಗೆ ಅಮ್ಮನ ತುಂಬು ಪ್ರೀತಿ. ಕೂಸಿಗೆ ಅಜ್ಜಿಯ ಮುತ್ತು.

ಈಗ ಹೇಳುವ ಕಥೆಯನ್ನು ಮೊದಲು ಹೇಳಿದವರು ಇಲ್ಲಿಯ ಬಡಗಿಯಣ್ಣ. ನಿನ್ನೆ, ಮಂಗಳವಾರ, ಬೆಳಗಿನ ಚಹಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ, ವ್ಯಾಯಾಮದ ಹಾಲಿನಲ್ಲಿ ಹೇಳಿದರು. ಕೇಳಿದವರು ಇಬ್ಬರೇ, ನಾನು ಮತ್ತು ನನ್ನ ಪಕ್ಕದ ಮಂಚದ ಟೀಚರಮ್ಮ. ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಕಿವಿಗಿಟ್ಟ ಕೂಡಲೇ ನನ್ನ ದನಿ ತಾನಾಗಿ ನಗಲು ಶುರುಮಾಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಮಗ್ಗುಲಾಗಿ ಮಲಗಿ ಬರೆದದ್ದು. ಸಾಲುಗಳು ಇಳಿಜಾರು ಹಿಡಿದಿವೆ, ಕತ್ತು ಓರೆ ಮಾಡಿ ಓದಿಕೋ.

ಆ ಹಾಲಿನಲ್ಲಿ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫಿಸಿಯೋ ಮೇಡಂ ಹಾಳೆ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುತ್ತಾರೆ. ಸೊನ್ನೆಯಿಂದ ಹತ್ತರವರೆಗೆ ಇವತ್ತು ನೋವೆಷ್ಟು ಅಂತ ಕೇಳುತ್ತಾರೆ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ಜೀವ ಹೋಗುವಷ್ಟು. ನಮ್ಮ ಬೆನ್ನೊಳಗೆ ಇಣುಕಿ ಅಳೆಯುವ ಯಂತ್ರ ಯಾರ ಹತ್ತಿರವೂ ಇಲ್ಲವಲ್ಲ, ನಾವು ಹೇಳಿದ್ದೇ ಬರೆದುಕೊಳ್ಳುತ್ತಾರೆ. ಅದನ್ನು ನೋಡಿಯೇ ಡಾಕ್ಟರ್ ಔಷಧಿ ಕೊಡುವುದು, ಅದನ್ನು ನೋಡಿಯೇ ಮನೆಗೆ ಕಳಿಸುವುದು.

ಹೀಗಾಗಿ ಇಲ್ಲಿ ಯಾರೂ ಇದ್ದ ನೋವು ಹೇಳುವುದಿಲ್ಲ, ಬೇಕಾದ್ದನ್ನು ಹೇಳುತ್ತಾರೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವರು ಬಡಗಿಯಣ್ಣ. ಮಾಡಿನ ತೊಲೆಯಿಂದ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷವಾಯಿತು, ಇಲ್ಲೇ ಬೇರು ಬಿಟ್ಟಿದ್ದಾರೆ. ಗಿರಾಕಿಗೆ ಹಲಗೆಯ ಅಳತೆ ಕೇಳುವ ಹಾಗೆ ಕೇಳುತ್ತಿದ್ದರು: "ಎಷ್ಟು ಬೇಕಮ್ಮ? ಬಿಸಿ ಶಾಖ ಬೇಕಾದ್ರೆ ಆರು ಅನ್ನು. ಸೂಜಿ ಬೇಕಾದ್ರೆ ಎಂಟು. ಮನೆಗೆ ಹೋಗ್ಬೇಕಾ, ಏಳು ದಿನ ಮೂರರ ಮೇಲೆ ಹೋಗ್ಬೇಡ. ಮುಖ ಮಾತ್ರ ಹೇಳಿದ ಲೆಕ್ಕಕ್ಕೆ ಹೊಂದ್ಕೊಂಡಿರ್ಲಿ." ಟೀಚರಮ್ಮ ಮೂಗು ಮುರಿಯುತ್ತಿದ್ದರು, ನಲವತ್ತು ವರ್ಷ ಕೂಡೋದು ಕಳೆಯೋದು ಹೇಳಿಕೊಟ್ಟೆ, ಇಂಥ ಗಣಿತ ಕಂಡಿರಲಿಲ್ಲ ಅಂತ. ಆದರೆ ಅವರೂ ದಿನಾ ನಾಲ್ಕು ಅಂತಲೇ ಹೇಳುತ್ತಿದ್ದರು. ನಾಲ್ಕಾದರೆ ಯಾರಿಗೂ ತೊಂದರೆಯಿಲ್ಲವಂತೆ.

ಹೋದ ವಾರ ನೀನು ಫೋನು ಮಾಡಿ, ಒಂದನೇ ತಾರೀಖಿನಿಂದ ಕೆಲಸಕ್ಕೆ ಹೋಗಬೇಕು, ನೀನು ಬಂದು ಕೂಸನ್ನು ನೋಡಿಕೊಂಡರೆ ಸಾಕಮ್ಮ ಅಂದೆಯಲ್ಲ, ಅವತ್ತೇ ನಾನು ಬಡಗಿಯಣ್ಣನ ಹತ್ತಿರ ಮೂರು ತೆಗೆದುಕೊಂಡೆ.

ನಿನ್ನೆಗೆ ಆರು ದಿನ. ಫಿಸಿಯೋ ಮೇಡಂ ನಮ್ಮ ಲೆಕ್ಕ ಬರೆದುಕೊಂಡು ಯಾವುದೋ ಮೀಟಿಂಗಿಗೆ ಹೋಗಿದ್ದರು. ನಾವು ಮೂವರು ನಡಿಗೆಯ ಕಂಬಿಗಳ ಪಕ್ಕ ಕೂತಿದ್ದೆವು. ನಾನು ಹಿಗ್ಗಿನಿಂದ ಹೇಳಿದೆ: "ಅಣ್ಣಾ, ನಿಮ್ಮ ಪಾಠ ಫಲಿಸ್ತು. ನಾಳೆ ಒಂದಿನ ಕಳೆದ್ರೆ ಆಯ್ತು. ಭಾನುವಾರ ಮಗಳು ಕಾರು ತರ್ತಾಳೆ. ಕೂಸನ್ನ ಎತ್ಕೊಂಡೇ ಕಾರು ಹತ್ತೋದು." ಮಾತಿಗೊಂದು ತಮಾಷೆ ಮಾಡುವ ಮನುಷ್ಯ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದ್ದು ಈ ಕಥೆ.

ನಾನು ಇಲ್ಲಿಗೆ ಬರುವ ಮೊದಲು ಇಲ್ಲೊಬ್ಬ ಬಸ್ಸು ಡ್ರೈವರ್ ಇದ್ದನಂತೆ. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದು ಬೆನ್ನು ಕೂತುಹೋಗಿತ್ತು. ಮನೆಗೆ ಹೋಗಲು ಅವಸರ. ಬಡಗಿಯಣ್ಣ ಅವನಿಗೆ ಎರಡು ಹೇಳಿಕೊಟ್ಟರು. "ಎರಡು ಮೇಡಂ, ಚಿಲ್ಲರೆ ನೀವೇ ಇಟ್ಕೊಳ್ಳಿ" ಅಂತ ದಿನಾ ಕೂಗುತ್ತಿದ್ದನಂತೆ. ಹಾಲಿಗೆ ಹಾಲೇ ನಗುತ್ತಿತ್ತು. ಎಂಟನೇ ದಿನ ಮನೆಗೆ ಹೋದ.

ಆದರೆ ಎರಡರ ಮನುಷ್ಯನಿಗೆ ಮನೆಯವರೂ ಎರಡರ ಕೆಲಸವನ್ನೇ ಹೇಳುತ್ತಾರೆ. ಆ ಬಕೆಟ್ ಎತ್ತಿಡು, ಈ ಚೀಲ ತಾ, ಮೊಮ್ಮಗಳನ್ನು ಸ್ವಲ್ಪ ಹಿಡಿದುಕೋ. ಒಂದು ದಿನ ಅವಳನ್ನು ಎತ್ತಿಕೊಂಡು ಮಹಡಿಯ ಮೆಟ್ಟಿಲು ಇಳಿಯುತ್ತಿದ್ದ. ನೋವು ಬಂತು. ಕೈ ಬಿಚ್ಚಿಕೊಂಡವು. ಅವನಾಗಿ ಬಿಚ್ಚಲಿಲ್ಲ, ಅವೇ ಬಿಚ್ಚಿಕೊಂಡವು. ಮಗು ಕೆಳಗಿದ್ದ ಒಣಬಟ್ಟೆಯ ಬುಟ್ಟಿಯೊಳಗೆ ಬಿತ್ತು. ಒಂದು ಗೀರೂ ಆಗಲಿಲ್ಲ. ಆಟವೆಂದುಕೊಂಡು ನಕ್ಕು, ಮತ್ತೆ ಎತ್ತಿಕೋ ಅಂತ ಕೈ ಚಾಚಿತಂತೆ.

ಅವತ್ತಿನಿಂದ ಅವನು ಆ ಮಗುವನ್ನು ಮುಟ್ಟಲಿಲ್ಲ. ಅದು ಕೈ ಚಾಚಿ ಬಂದರೆ ಪೇಪರು ಅಡ್ಡ ಹಿಡಿಯುತ್ತಿದ್ದ. ನಿಮ್ಮೆದೆಯೇನು ಕಲ್ಲಾ ಅಂತ ಹೆಂಡತಿ ಬೈದಳು. ಏನಂತ ಹೇಳಿಯಾನು? ಅವನು ಎರಡರ ಮನುಷ್ಯ. ಈಗ ಮಗುವೂ ಬರುವುದಿಲ್ಲ. ಕುರ್ಚಿಯನ್ನು ಸುತ್ತಿಕೊಂಡು ಹೋಗುವ ಹಾಗೆ ಅವನನ್ನು ಸುತ್ತಿಕೊಂಡು ಹೋಗುತ್ತದಂತೆ.

ಮೊನ್ನೆ ಸೋಮವಾರ ಆಸ್ಪತ್ರೆಯ ವಾಕರ್ ಹಿಂತಿರುಗಿಸಲು ಬಂದಾಗ ಅವನೇ ಹೊರಗಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ಹೇಳಿದ್ದು. ಎದ್ದು ಹೋಗುವಾಗ ಅಂದನಂತೆ: "ನೀನು ಹೇಳ್ಕೊಟ್ಟ ಲೆಕ್ಕ ಸರಿಯಾಗೇ ಇತ್ತು ಕಣಯ್ಯ. ಈ ಬಾಗಿಲು ದಾಟಿಸ್ತು. ಬಾಗಿಲಾಚೆ ಲೆಕ್ಕ ನೀನೂ ಹೇಳ್ಕೊಡ್ಲಿಲ್ಲ, ನಾನೂ ಕೇಳ್ಲಿಲ್ಲ."

ಬಡಗಿಯಣ್ಣ ನನ್ನ ಕಡೆ ತಿರುಗಿ, "ನಿಂಗೂ ನಾನೇ ಕೊಟ್ಟಿದ್ದು ತಂಗಿ. ಅಳತೆ ಹಾಕೋಕೆ ಮುಂಚೆ ಹಲಗೆ ನೋಡ್ಬೇಕಿತ್ತು" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮನ್ನ ಕರ್ಕೊಂಡು ಹೋಗೋಕೆ ಯಾರೂ ಬರಲ್ಲ, ಅದಕ್ಕೇ ಹೊಟ್ಟೆಕಿಚ್ಚು ನಿಮಗೆ ಅಂದುಬಿಟ್ಟೆ. ಟೀಚರಮ್ಮ ನನ್ನ ಕೈ ಅದುಮಿದರು. ಆ ಮನುಷ್ಯ ಮಾತ್ರ, "ಹೌದು, ಅದೂ ಇದೆ" ಅಂದರು. ಅಷ್ಟೇ.

ನಿನ್ನೆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ದಿಂಬನ್ನು ಸುತ್ತಿ ಕೂಸಿನ ಹಾಗೆ ಎದೆಗೊತ್ತಿಕೊಂಡೆ. ಕಿಟಕಿಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ನಾಲ್ಕನೆಯದಕ್ಕೆ ಸೊಂಟದಿಂದ ಹಿಮ್ಮಡಿಯವರೆಗೆ ಒದ್ದೆಬಟ್ಟೆ ಹಿಂಡಿದ ಹಾಗಾಯಿತು. ಗೋಡೆ ಹಿಡಿದುಕೊಂಡೆ. ನೋಡಿದರೆ ದಿಂಬು ನೆಲದ ಮೇಲಿತ್ತು. ಯಾವಾಗ ಬಿಟ್ಟೆನೋ ಗೊತ್ತಾಗಲಿಲ್ಲ, ಮಗಳೇ. ಅದು ಬರೀ ಹತ್ತಿಯ ದಿಂಬು. ಬಗ್ಗಿ ಎತ್ತಿಕೊಳ್ಳಲೂ ಆಗದೆ, ಟೀಚರಮ್ಮ ಏಳುವವರೆಗೆ ಅದನ್ನೇ ನೋಡುತ್ತ ನಿಂತಿದ್ದೆ. ಅವರು ಊರುಗೋಲಿನಿಂದ ಅದನ್ನು ನನ್ನ ಮಂಚದ ಕಡೆಗೆ ತಳ್ಳಿದರು.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಫಿಸಿಯೋ ಮೇಡಂ ಬಂದರು. ಎರಡು ವರ್ಷದಿಂದ ಐದು ಅನ್ನುತ್ತಿದ್ದ ಬಡಗಿಯಣ್ಣ ಒಂಬತ್ತು ಅಂದರು. ಮೇಡಂ ತಮಾಷೆಯೆಂದು ನಕ್ಕರು, ಅವರು ನಗಲಿಲ್ಲ. "ಒಂಬತ್ತು ಒಳಗಿಟ್ಕೊಂಡು ನಮ್ಮನ್ನೆಲ್ಲ ನಗಿಸ್ತಿದ್ರಲ್ಲ, ಏನು ಜನವೋ" ಅಂತ ಗೊಣಗುತ್ತ ಟೀಚರಮ್ಮ ತಮ್ಮದು ಆರು ಅಂತ ಬರೆಸಿದರು. ಆಮೇಲೆ ನನ್ನ ಸರದಿ. ನಾನು ಏಳು ಅಂದೆ. ನಿನ್ನೆ ಮೂರಿತ್ತಲ್ಲ ಅಂತ ಕೇಳಿದರು. ನಿನ್ನೆಯೂ ಏಳೇ ಇತ್ತು ಮೇಡಂ, ಮೂರು ನನ್ನ ಮಗಳಿಗೋಸ್ಕರ ಹೇಳಿದ್ದು ಅಂದೆ. ಅವರು ಬೈಯಲಿಲ್ಲ. ಆರು ದಿನದ ಆರು ಮೂರುಗಳ ಮೇಲೆ ಒಂದೊಂದಾಗಿ ಗೆರೆ ಎಳೆದರು. ನಿಜ ಹೇಳಿದರೆ ನೋವು ತುಸು ಇಳಿಯಬಹುದು ಅಂದುಕೊಂಡಿದ್ದೆ. ಇಳಿಯಲಿಲ್ಲ.

ಭಾನುವಾರ ಕಾರು ತರಬೇಡ. ಬಸ್ಸಿನಲ್ಲೇ ಬಾ, ಕೂಸನ್ನು ಕರೆದುಕೊಂಡು ಬಾ. ನನ್ನ ಮಂಚದ ಗೋಡೆಯ ಬದಿಗೆ ಅದನ್ನು ಮಲಗಿಸು. ನಾನು ಎತ್ತಿಕೊಳ್ಳುವುದಿಲ್ಲ, ಪಕ್ಕದಲ್ಲಿ ಮಲಗಿರುತ್ತೇನೆ.

ನಿನ್ನ ಅಮ್ಮ

ತಾ.ಕ.: ಹೋದ ತಿಂಗಳು ಕಳಿಸಿದ ಕೂಸಿನ ಅಂಗಿ ನಾನೇ ಕೂತು ಹೊಲಿದದ್ದು ಅಂದಿದ್ದೆ. ಸುಳ್ಳು. ಮಲಗಿಕೊಂಡು ಕತ್ತರಿಸಿದ್ದಷ್ಟೇ ನಾನು, ಹೊಲಿದವರು ಬಡಗಿಯಣ್ಣ. ಎಡತೋಳು ನೋಡು, ಮೊಳೆ ಹೊಡೆದ ಹಾಗಿದೆ ಹೊಲಿಗೆ. ಹತ್ತು ವರ್ಷ ನನ್ನ ಮಗ್ಗುಲಲ್ಲಿ ಕೂತು ಗುಂಡಿ ಹಚ್ಚಿದವಳು ನೀನು, ಮೊದಲ ನೋಟಕ್ಕೇ ನಿನಗೆ ಗೊತ್ತಾಗಿರುತ್ತದೆ. ಆದರೂ ಅಮ್ಮನ ಕೈಯೇ ಕೈ ಅಂತ ಫೋನಿನಲ್ಲಿ ನಕ್ಕೆ. ಆ ನಗು ನನಗೆ ಗೊತ್ತು, ಅದು ನನ್ನದೇ ನಗು. ಇರುವೆ ಕಚ್ಚಿದರೆ ಮೂರು ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದೆಯೆಂದೇ ನಿನಗೆ ಬೊಬ್ಬೆಮರಿ ಅಂತ ಹೆಸರಿಟ್ಟೆ. ಹೆರಿಗೆಯಾದ ಮೇಲೆ ಎಲ್ಲ ಚೆನ್ನಾಗಿದೆ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ ನಿನ್ನ ಬಾಯಲ್ಲಿ. ನಿನ್ನದು ಎಷ್ಟು, ಮಗಳೇ? ಭಾನುವಾರ ನನ್ನ ಕಿವಿಯಲ್ಲಿ ಹೇಳು.