ಒಂಬತ್ತನೇ ಹಾಡಿನ ಕೊನೆಯ ಸಾಲು

ಫೆಬ್ರವರಿ 3, ಶನಿವಾರ. ಸಂಜೆ 6

ಎಂಟು ಹಾಡು ಮುಗಿದಿದ್ದವು. ಒಂದು ಬಾಕಿ ಇತ್ತು. ಬಾಸ್ ಗಿಟಾರಿನ ದಪ್ಪ ತಂತಿ ಒತ್ತಿ ಒತ್ತಿ ಎಡಗೈ ತೋರುಬೆರಳು ಬಿರಿದಿದೆ. ಸೋಮವಾರ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವಾಗ ನೀರು ತಾಗಿ ಉರಿಯುತ್ತದೆ, ಗೊತ್ತು.

ಸೋಫಾ ಮಾಡುವವರ ಗೋದಾಮಿನ ಹಿಂದಿನ ಕೋಣೆ. ಗೋಡೆಗೆಲ್ಲ ಹಳೆ ಹಾಸಿಗೆ. ಫ್ಯಾನ್ ಹಾಕುವಂತಿಲ್ಲ, ಅದರ ಸದ್ದೂ ರೆಕಾರ್ಡ್ ಆಗುತ್ತದೆ. ನಾಲ್ಕು ಜನ ಬೆವೆತು ಬೆಂದು... ಗಿಟಾರ್ ತಮ್ಮನದು, ರೆಕಾರ್ಡಿಂಗೂ ಅವನದೇ. ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ ಕೆಲಸ ಅವನಿಗೆ. ವಾರವಿಡೀ ಊರವರ ಕಿವಿ ರಿಪೇರಿ, ರಜೆಯಲ್ಲಿ ನಮ್ಮ ಕಿವಿ ಹಾಳು. ಡ್ರಮ್ಸ್ ಮೇಷ್ಟ್ರದು. ನಿಜಕ್ಕೂ ಗಣಿತದ ಮೇಷ್ಟ್ರೇ, ರಿಟೈರಾಗಲು ಇನ್ನೆರಡು ವರ್ಷ. ಹಾಡುವುದು ಇವರು. ಅತ್ತೆ ಆ ಮಾತು ಒಪ್ಪುವುದಿಲ್ಲ. "ಅರಚೋದು ಅನ್ನು. ದೇವರಿಗೇನು ಕಿವುಡಾ?" ಬ್ಯಾಂಡಿಗೆ ಬೈಬಲಿನಿಂದ ಏಳನೇ ತುತೂರಿ ಎಂದು ಹೆಸರಿಟ್ಟಾಗಲೂ ಅಷ್ಟೇ. "ಆರು ಸಾಲಲಿಲ್ವಾ?"

ಇವತ್ತು ಒಂಬತ್ತನೆಯದು. ಮಗು ಹೋದ ಮೇಲೆ ಇವರು ಬರೆದ ಒಂದೇ ಹಾಡು. ಹನ್ನೊಂದು ದಿನ ಇದ್ದ ಮಗಳು. ಹದಿನಾಲ್ಕು ತಿಂಗಳಾಯಿತು.

ಕೊನೆಯ ಸಾಲು ಹೀಗಿದೆ — ಕೂಗಿ ಕೂಗಿ ಗಂಟಲು ಹರಿಯಿತು, ಆ ಕಡೆ ಯಾರೂ ಇಲ್ಲ. "ಯಾರೂ ಇಲ್ಲ" ಎನ್ನುವುದನ್ನು ಉಸಿರು ಮುಗಿಯುವವರೆಗೂ ಎಳೆದರು. ಲಿಫ್ಟ್ ರಿಪೇರಿ ಇವರ ಕೆಲಸ. ಖಾಲಿ ಬಾವಿಯಂಥ ಆ ಲಿಫ್ಟ್ ಗುಂಡಿಗಳಲ್ಲಿ ಕೂಗಿಯೇ ಈ ದನಿ ಕಲಿತವರು. ಇವತ್ತು ಆ ಗುಂಡಿಯೇ ಕೋಣೆಯೊಳಗೆ ಬಂದಂತಿತ್ತು.

ಮೇಷ್ಟ್ರು ಕೋಲು ಕೆಳಗಿಟ್ಟು ಹೊರಗೆ ಹೋದರು. ತಮ್ಮ ಮೆಲ್ಲಗೆ ಕೇಳಿದ, "ಭಾವ, ಇನ್ನೊಂದು ಟೇಕ್ ತಗೊಳ್ಳೋಣ್ವಾ?"

"ಬೇಡ. ಇಷ್ಟೇ ಇರೋದು."

ಫೆಬ್ರವರಿ 4, ಭಾನುವಾರ

ಚರ್ಚಿನ ಮೆಟ್ಟಿಲವರೆಗೆ ಬಂದರು. ಒಳಗೆ ಬರಲಿಲ್ಲ. ನಾನು, ಅತ್ತೆ ಹೋದೆವು. ಪ್ರಾರ್ಥನೆ ಮಾಡಿದೆನೋ, ಬರೀ ತುಟಿ ಆಡಿಸಿದೆನೋ. ಹೊರಗೆ ಬಂದಾಗ ಅದೇ ಮೆಟ್ಟಿಲಲ್ಲಿ, ಅದೇ ಭಂಗಿಯಲ್ಲಿ ಕೂತಿದ್ದರು.

ಫೆಬ್ರವರಿ 9, ಶುಕ್ರವಾರ. ರಾತ್ರಿ ಊಟದ ಹೊತ್ತು

ಇವರ ಜೊತೆ ಕೆಲಸ ಮಾಡುವವನು ಅಂಗಡಿಗೆ ಬಂದ. ಕನ್ನಡಕದ ಸ್ಕ್ರೂ ಸಡಿಲ ಎಂದ. ಸಡಿಲವೇನೂ ಇರಲಿಲ್ಲ. ನಿಂತ, ಕೆಮ್ಮಿದ.

"ಅತ್ತಿಗೆ, ಹೇಳಬಾರದು ಅಂದ್ಕೊಂಡಿದ್ದೆ. ಮೇಲೆ ಹತ್ತಿದಾಗ ಅಣ್ಣ ಸೇಫ್ಟಿ ಬೆಲ್ಟ್ ಹಾಕ್ಕೊಳ್ತಿಲ್ಲ. ಹನ್ನೊಂದನೇ ಮಹಡಿ. ಅಂಚಲ್ಲಿ ನಿಂತು ಕೆಳಗೆ ನೋಡ್ತಾ ಇರ್ತಾರೆ. ಕೇಳಿದ್ರೆ ಮರೆತೆ ಅಂತಾರೆ."

ಹಾಲಿನ ಪಾತ್ರೆಯ ಮುಚ್ಚಳ ಮರೆಯದ ಮನುಷ್ಯ.

ಮಧ್ಯಾಹ್ನ ಎರಡು ಗಾಜು ಹಾಳು ಮಾಡಿದೆ.

ಫೆಬ್ರವರಿ 10

ಕೇಳಿಯೇಬಿಟ್ಟೆ. ಬೆಲ್ಟ್ ಯಾಕೆ ಹಾಕುವುದಿಲ್ಲ?

ಹೇಳಿದರು, "ಆಲ್ಬಮ್ ಬರ್ಲಿ ಕಣೆ. ಅದೊಂದು ಬರ್ಲಿ. ಅಲ್ಲೀವರೆಗೂ ನನಗೇನೂ ಆಗಲ್ಲ."

ಅಲ್ಲಿಯವರೆಗೂ. ಆಮೇಲೆ?

ಫೆಬ್ರವರಿ 13, ಮಂಗಳವಾರ

ಆಲ್ಬಮ್ ತರುವ ಕ್ರೈಸ್ತ ಸಂಗೀತ ಕಂಪನಿಯ ಮೇಡಂ ಫೋನು. ಎಂಟು ಹಾಡು ತುಂಬಾ ಇಷ್ಟವಾಗಿದೆಯಂತೆ. ಒಂಬತ್ತನೆಯದು ಆಗುವುದಿಲ್ಲವಂತೆ.

"ನಮ್ಮ ಕೇಳುಗರೆಲ್ಲ ಚರ್ಚ್ ಸಭೆಗಳ ಜನ. ಆ ಕಡೆ ಯಾರೂ ಇಲ್ಲ ಅಂತ ಮುಗಿಸಿದ್ರೆ ಹೇಗೆ? ಅಳು ಇರ್ಲಿ, ನಾನು ಬೇಡ ಅನ್ನಲ್ಲ. ಕೊನೇಲಿ ಒಂದು ಆಸರೆ ಬೇಕು. ಒಂದೇ ಸಾಲು."

ಆ ಹಾಡು ಬಿಟ್ಟು ಉಳಿದದ್ದು ತನ್ನಿ ಎಂದೆ. ಅದಕ್ಕೂ ಒಪ್ಪಲಿಲ್ಲ. ಆಲ್ಬಮ್ಮಿನ ಜೀವವೇ ಅದು, ಸರಿ ಮಾಡಿ ಕೊಡಿ, ತಿಂಗಳ ಕೊನೆಯವರೆಗೂ ಕಾಯುತ್ತೇವೆ. ಇಲ್ಲದಿದ್ದರೆ ಕೈಬಿಡುತ್ತೇವೆ.

ಇವರಿಗೆ ಹೇಳಿದೆ. ತಟ್ಟೆಯಲ್ಲಿ ಕೈ ಹಾಗೇ ನಿಂತಿತು.

"ಮಗಳ ಹೆಸರಲ್ಲಿ ಸುಳ್ಳು ಹಾಡಲ್ಲ."

"ಒಂದು ಸಾಲು ರೀ."

"ಆ ಕಡೆ ಯಾರಾದ್ರೂ ಇದ್ದಾರೆ ಅಂತ ನಿನಗೆ ಅನ್ಸುತ್ತಾ? ನಿಜ ಹೇಳು."

ಅನ್ನಿಸುತ್ತದೆ, ಎಷ್ಟೋ ಸಲ. ಆದರೆ ಇವರ ಕಣ್ಣು ನೋಡಿಕೊಂಡು ಹೇಳುವಷ್ಟಲ್ಲ.

ಫೆಬ್ರವರಿ 20

ಮೂರು ದಿನದಿಂದ ಕೆಲಸಕ್ಕೆ ಹೋಗಿಲ್ಲ. ಸ್ನಾನವಿಲ್ಲ. ಅತ್ತೆ ಬಾಗಿಲ ಬಳಿ ನಿಂತು ಗದರಿದರು, ಬೇಡಿಕೊಂಡರು, ಕೊನೆಗೆ ಅಡುಗೆಮನೆಗೆ ಬಂದು ನನ್ನ ಮುಂದೆ ಅತ್ತರು. "ನಾನೇ ಹೆತ್ತ ಮಗ, ನನ್ನನ್ನೇ ಯಾರೋ ಅನ್ನೋ ಹಾಗೆ ನೋಡ್ತಾನಲ್ಲೇ."

ಆಲ್ಬಮ್ ಬರುವುದಿಲ್ಲ ಎಂದು ಇವರೊಳಗೆ ಗಟ್ಟಿಯಾಗುತ್ತಿದೆ. ಅದು ಬರದಿದ್ದರೆ ಏನಾಗುತ್ತದೆಂದು ನನ್ನೊಳಗೂ.

ಫೆಬ್ರವರಿ 24, ಶನಿವಾರ. ಮಧ್ಯಾಹ್ನ 3

ಬರೆಯಲೇಬೇಕು. ಯಾರಿಗೂ ಹೇಳಲಾರೆ.

ನನ್ನ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಇದೆ. ನಾಲ್ಕು ನಿಮಿಷ. ಮಗು ಹುಟ್ಟಿದ ಒಂಬತ್ತನೇ ದಿನ, ಆಸ್ಪತ್ರೆಯಲ್ಲಿ. ನಾನು ಗಾಲಿಕುರ್ಚಿಯಲ್ಲಿ. ಇವರು ಗಾಜಿನ ಪೆಟ್ಟಿಗೆಯ ದುಂಡು ಕಿಂಡಿಯಲ್ಲಿ ಬೆರಳು ತೂರಿಸಿ, ಬಗ್ಗಿ, ಪಿಸುದನಿಯಲ್ಲಿ ಏನೇನೋ ಗುನುಗುತ್ತಿದ್ದರು. ಫೋನಿನ ರೆಕಾರ್ಡ್ ಗುಂಡಿ ಒತ್ತಿದೆ, ಹೇಳಲಿಲ್ಲ. ಆಮೇಲೆ ಹೇಳುವ ಧೈರ್ಯ ಬರಲಿಲ್ಲ. ಇಂಥದೊಂದು ಇದೆ ಎಂದು ಇವರಿಗೆ ಇವತ್ತಿಗೂ ತಿಳಿಯದು.

ಅದರಲ್ಲಿ ಒಂದು ಕಡೆ ಹೇಳುತ್ತಾರೆ — "ನೀನಿದ್ದೀ... ನೀನಿದ್ದೀ ಕಂದಾ."

ಗೋದಾಮಿಗೆ ಹೋಗಿ ತಮ್ಮನ ಮುಂದೆ ಫೋನ್ ಇಟ್ಟೆ. ಕೇಳಿದ. ಹೆಡ್‌ಫೋನ್ ತೆಗೆದಿಟ್ಟ.

"ಅಕ್ಕ, ಇದು ಬೇಡ."

"ಅವರು ಉಳೀಬೇಕು ಕಣೋ."

"ಗೊತ್ತಾದ್ರೆ?"

"ತಮ್ಮದೇ ಆಲ್ಬಮ್ ಅವರು ಯಾವತ್ತು ಕೇಳಿದ್ದಾರೆ? ರಿಪೇರಿ ಮಾಡಿದವನು ಲಿಫ್ಟಲ್ಲಿ ಆಟ ಆಡ್ತಾನಾ ಅಂತಾರೆ."

ಒಪ್ಪಿದ. ನನಗಾಗಿ. ಯಂತ್ರಗಳ ಸದ್ದು ಸೋಸಿದ. ಕಿರುಚಾಟ ಮುಗಿದ ಮೇಲೆ ಐದು ಸೆಕೆಂಡ್ ಮೌನ, ಆಮೇಲೆ ಆ ಪಿಸುದನಿ. ನೀನಿದ್ದೀ... ನೀನಿದ್ದೀ. "ಕಂದಾ" ಎನ್ನುವುದನ್ನು ಕತ್ತರಿಸಿದೆವು. ಕತ್ತರಿಸಿದ ಕೂಡಲೇ ಅದು ದೇವರಿಗೆ ಹೇಳಿದ ಮಾತಾಯಿತು. ಅಷ್ಟು ಸಲೀಸಾಗಿ.

ಮೇಷ್ಟ್ರು ಯಾವಾಗ ಬಂದು ಬಾಗಿಲಲ್ಲಿ ನಿಂತರೋ. ಪೂರ್ತಿ ಕೇಳಿಸಿಕೊಂಡರು.

"ನೋಡಮ್ಮಾ, ದೇವರ ಮುಂದೆ ಅತ್ತವರು, ಜಗಳ ಆಡಿದವರು ಕಮ್ಮಿ ಇಲ್ಲ. ಅವನು ಆಡಿದ ಜಗಳ ನಿಜದ್ದು. ನೀನು ಮಾಡ್ತಿರೋದು ಸುಳ್ಳುಸಾಕ್ಷಿ. ಅದೂ ಅವನ ಬಾಯಲ್ಲೇ ಹೇಳಿಸ್ತಿದ್ದೀಯ."

ಬೆಲ್ಟಿನ ವಿಷಯ ಹೇಳಿದೆ. ಹನ್ನೊಂದನೇ ಮಹಡಿ ಹೇಳಿದೆ. ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. "ನಾನು ಕೇಳಿಲ್ಲ, ಹೋಗು," ಎಂದರು.

ಫೆಬ್ರವರಿ 28

ಹಾಡು ಕಂಪನಿಗೆ ಹೋಯಿತು. ಮೇಡಂ, "ಮೈ ಜುಂ ಅಂತು," ಎಂದರು. ಇವರಿಗೆ ಹೇಳಿದೆ, ಕಂಪನಿಯವರು ಹಾಗೇ ಒಪ್ಪಿಕೊಂಡರು, ಒಂದಕ್ಷರ ಬದಲಿಲ್ಲ.

"ಹಾಗೇನಾ?"

"ಹಾಗೇ."

ಎದ್ದು ಮುಖ ತೊಳೆದರು. ಅತ್ತೆ ಬಡಿಸಿದ್ದನ್ನೆಲ್ಲ ತಿಂದರು.

ಮಾರ್ಚ್ 6

ಜೊತೆಯವನು ಫೋನ್ ಮಾಡಿದ. ಬೆಲ್ಟ್ ಹಾಕಿಕೊಳ್ಳುತ್ತಿದ್ದಾರೆ.

ದೇವರಿಗೆ ಸ್ತೋತ್ರ ಎಂದೆ. ಬಾಯಿತಪ್ಪಿ ಬಂತು. ನಾಚಿಕೆಯಾಯಿತು.

ಮೇ 4, ಶನಿವಾರ

ಇವತ್ತು ಬಿಡುಗಡೆ. ಅತ್ತೆ ಸಿಡಿಯನ್ನು ತಿರುಗಿಸಿ ಮುರುಗಿಸಿ ನೋಡಿ ದಿಂಬಿನ ಕೆಳಗಿಟ್ಟುಕೊಂಡರು. ಅವರ ಬಳಿ ಪ್ಲೇಯರ್ ಇಲ್ಲ. ಇವರು ಮುಖಪುಟ ಸವರಿ ನನಗೇ ವಾಪಸ್ ಕೊಟ್ಟರು. ಕೇಳಲಿಲ್ಲ.

ಆಲ್ಬಮ್ ಬಂತು. ಅಲ್ಲಿಯವರೆಗೂ ಎಂದಿದ್ದರು. ಬೆಳಿಗ್ಗೆ ಇವರು ಬೂಟು ಕಟ್ಟುವಾಗಲೆಲ್ಲ ಕೈ ಹಿಡಿದು ನಿಲ್ಲಿಸಬೇಕೆನಿಸುತ್ತದೆ.

ಮೇ 19

ಬ್ಯಾಂಡಿನ ಫೋನ್ ನನ್ನ ಬಳಿ. ಮೆಸೇಜಿನ ಮೇಲೆ ಮೆಸೇಜು. ಎಲ್ಲ ಆ ಹಾಡಿಗೇ. ಒಬ್ಬ ತಾಯಿ ಬರೆದಿದ್ದಾಳೆ, ಮಗನ ಆಪರೇಷನ್ ಮುಗಿಯುವವರೆಗೆ ಆ ಕೊನೆಯ ಸಾಲು ಹಿಡಿದುಕೊಂಡೇ ಕಾರಿಡಾರಿನಲ್ಲಿ ಕೂತಿದ್ದಳಂತೆ. ಮಗ ಉಳಿದನಂತೆ.

ನನ್ನ ಮಗಳಿಗೆ ಹೇಳಿದ ಮಾತು. ಅವಳ ಮಗನಿಗೆ ಆಯಿತು. ಸಂತೋಷ ಪಡಲು ನೋಡಿದೆ. ಫೋನ್ ಅಕ್ಕಿ ಡಬ್ಬದ ಹಿಂದೆ ಇಟ್ಟೆ.

ಜೂನ್ 5

ಶನಿವಾರ ಕಾರ್ಯಕ್ರಮ. ಒಂಬತ್ತನೆಯದು ಪಟ್ಟಿಯಲ್ಲಿ ಬೇಡ ಎಂದೆ. ಇವರು ಕೇಳಲಿಲ್ಲ. "ಅದಕ್ಕೇ ಅಲ್ವಾ ನಾನು ಬರ್ತಿರೋದು."

ತಮ್ಮ ನನ್ನ ಮುಖ ನೋಡಿದ. ಮೇಷ್ಟ್ರು ನೋಡಲೇ ಇಲ್ಲ.

ಜೂನ್ 8, ಶನಿವಾರ. ರಾತ್ರಿ 8

ಈಗಷ್ಟೇ ಬಂದೆವು.

ನಾನೂರು ಜನ. ಹಾಡು ಮುಗಿಯಿತು. ಯಾರೂ ಇಲ್ಲ — ಎಂದು ಎಳೆದು, ಉಸಿರು ಮುಗಿದು, ಇವರು ತಲೆ ತಗ್ಗಿಸಿದರು. ನಾವು ಮೂವರೂ ವಾದ್ಯದಿಂದ ಕೈ ಎತ್ತಿದೆವು. ಮೌನ. ಐದು ಸೆಕೆಂಡ್. ನಾನು ಎಣಿಸುತ್ತಿದ್ದೆ.

ನಾನೂರು ಜನ ಒಟ್ಟಿಗೆ, ಮೆಲ್ಲಗೆ... ನೀನಿದ್ದೀ. ನೀನಿದ್ದೀ.

ಇವರು ತಲೆಯೆತ್ತಿದರು. ಸಭಾಂಗಣದ ಉದ್ದಕ್ಕೂ ನೋಡಿದರು. ಮಂಡಿಯೂರಿ ಕೂತುಬಿಟ್ಟರು. ಅಳುತ್ತಿದ್ದರು. ಮಣ್ಣು ಮಾಡಿದ ದಿನವೂ ಅಳದವರು.

ಬಸ್ಸಿನಲ್ಲಿ ನನ್ನ ಕೈ ಬಿಡಲೇ ಇಲ್ಲ. "ಯಾರೂ ಹೇಳಿಕೊಟ್ಟಿಲ್ಲ ಕಣೆ ಅವರಿಗೆ. ನಾನು ಇಲ್ಲ ಅಂದೆ, ಅವರು ಇದ್ದೀ ಅಂದ್ರು. ಅಷ್ಟೂ ಜನ. ಉತ್ತರ ಬಂತು ಕಣೆ. ಹದಿನೆಂಟು ತಿಂಗಳಾದ ಮೇಲೆ ಬಂತು."

ಹೌದು ಎಂದೆ. ಹೌದು, ಹೌದು. ಎಷ್ಟು ಸಲ ಎಂದೆನೋ.

ಜೂನ್ 9, ಭಾನುವಾರ. ಬೆಳಿಗ್ಗೆ 11

ಚರ್ಚಿಗೆ ಬರುತ್ತೇನೆ ಎಂದು ಇಸ್ತ್ರಿ ಅಂಗಿ ಹಾಕಿಕೊಂಡರು. ಅತ್ತೆಗೆ ಕೈಕಾಲು ಆಡಲಿಲ್ಲ. ಹೊರಡಲು ಹತ್ತು ನಿಮಿಷವಿತ್ತು. "ಆ ಹಾಡು ಹಾಕು. ಒಂದ್ಸಲ ಕೇಳ್ತೀನಿ," ಎಂದರು.

ಹಾಕದೆ ಇರಬಹುದಿತ್ತು. ಚಾರ್ಜ್ ಇಲ್ಲ ಎನ್ನಬಹುದಿತ್ತು. ಇನ್ನೊಂದು ಸುಳ್ಳು ಬೇಡವಾಯಿತು. ಹೇಳಿದೆ. ಕಂಪನಿ, ತಮ್ಮ, ಫೋನು, ಕಂದಾ ಕತ್ತರಿಸಿದ್ದು. ಎಲ್ಲ. ನಿಂತುಕೊಂಡೇ.

ಒಂದೇ ಕೇಳಿದರು. "ಯಾವ ದಿನದ್ದು?"

"ಒಂಬತ್ತನೇ ದಿನದ್ದು."

"ನನ್ನ ಹತ್ರ ಇರ್ಲಿಲ್ಲ ಅದು. ನಿನ್ನ ಹತ್ರ ಇತ್ತು. ಇಷ್ಟು ದಿನ."

ಹೋದರು. ಫೋನ್ ಮೇಜಿನ ಮೇಲೇ ಬಿಟ್ಟು.

ಮಧ್ಯಾಹ್ನ 1

ಬೆಲ್ಟ್ ಮೊಳೆಯಲ್ಲೇ ಇದೆ. ಭಾನುವಾರ, ಕೆಲಸವಿಲ್ಲ. ಅದಕ್ಕೆ ಸಮಾಧಾನ ಪಡಬೇಕೋ ಹೆದರಬೇಕೋ. ಜೊತೆಯವನು ಕಟ್ಟಡ ಕಟ್ಟಡ ಹುಡುಕುತ್ತಿದ್ದಾನೆ. ಮೇಷ್ಟ್ರು ಬಸ್ ನಿಲ್ದಾಣಕ್ಕೆ ಹೋದರು. ಅತ್ತೆ ಇಸ್ತ್ರಿ ಸೀರೆಯಲ್ಲೇ ಹೊಸ್ತಿಲ ಮೇಲೆ ಕೂತಿದ್ದಾರೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

2.30

ಪ್ರಾರ್ಥನೆ ಬರುತ್ತಿಲ್ಲ. ಆ ಕಡೆ ಯಾರಾದರೂ

4

ತಮ್ಮನ ಫೋನು. "ಅಕ್ಕ, ಭಾವ ಗೋದಾಮಲ್ಲಿದ್ದಾರೆ. ನಾನು ಬಂದಾಗ ಬಾಗಿಲ ಹೊರಗೆ ಕೂತಿದ್ರು. ನಾಲ್ಕು ನಿಮಿಷದ್ದು ಪೂರ್ತಿ ಹಾಕು ಅಂದ್ರು. ಈಗ ಏಳನೇ ಸಲ."

"ಏನಾದ್ರೂ ಅಂದ್ರಾ?"

"ನಿನಗೆ ಬರಬೇಡ ಅಂದ್ರು."

ಜೂನ್ 12

ಮನೆಗೆ ಬಂದಿದ್ದಾರೆ. ಅತ್ತೆಯ ಮೂಲಕ ಮಾತು. ಕಂಪನಿಗೆ ತಾವೇ ಫೋನ್ ಮಾಡಿ ಹಾಡು ತೆಗೆಸಿದರು. ಮೇಡಂ ಗೋಗರೆದದ್ದು ನನಗೂ ಕೇಳಿಸಿತು. ಜನ ಅದರ ಮೇಲೆ ಬದುಕುತ್ತಿದ್ದಾರೆ, ಇತ್ಯಾದಿ.

"ಬದುಕ್ಲಿ. ಸಿಡಿ ತಗೊಂಡವರ ಕೈಯಿಂದ ನಾನು ಕಿತ್ಕೊಳಲ್ಲ. ಆದ್ರೆ ಆ ಮಾತು ನನ್ನ ಮಗಳದ್ದು. ನಾನು ನಿಮಗೆ ಕೊಟ್ಟಿರ್ಲಿಲ್ಲ."

ಜೂನ್ 15

ಜೊತೆಯವನನ್ನು ದಿನಾ ಕೇಳುತ್ತೇನೆ. ಬೆಲ್ಟ್ ಹಾಕುತ್ತಿದ್ದಾರಂತೆ. ಯಾಕೆಂದು ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.

ಜೂನ್ 21, ಶುಕ್ರವಾರ. ಬೆಳಿಗ್ಗೆ 7

ಕೆಲಸಕ್ಕೆ ಹೊರಡುವ ಮುಂಚೆ ದಿನವೂ ಹಿಂದಿನ ಮೆಟ್ಟಿಲ ಮೇಲೆ ಕೂತು ಅದನ್ನು ಕೇಳುತ್ತಾರೆ, ಇಯರ್‌ಫೋನಿನಲ್ಲಿ. ಆ ನಾಲ್ಕು ನಿಮಿಷ ನಾನು ಅಡುಗೆಮನೆಯಲ್ಲೇ ಇರುತ್ತೇನೆ, ಪಾತ್ರೆ ಸದ್ದಾಗದಂತೆ. ಇವತ್ತು ಕಸ ಹಾಕಲು ಹಿಂಬಾಗಿಲಿಗೆ ಹೋಗಲೇಬೇಕಾಯಿತು. ಪಕ್ಕದಿಂದ ದಾಟುವಾಗ, ನನ್ನತ್ತ ತಿರುಗದೆ, ಕಿವಿಯಿಂದ ಒಂದನ್ನು ತೆಗೆದು ಕೈ ಚಾಚಿದರು. ಚಾಚಿಕೊಂಡೇ ಇದ್ದರು.

ಬುಟ್ಟಿ ಕೆಳಗಿಟ್ಟೆ. ಒಂದು ಮೆಟ್ಟಿಲು ಕೆಳಗೆ ಕೂತೆ. ವಯರ್ ಗಿಡ್ಡ, ತಲೆ ಇವರ ಮೊಣಕಾಲಿಗೆ ತಾಗಿತು. ಸರಿಯಲಿಲ್ಲ ಇವರು. ಮತ್ತೆ ಮೊದಲಿನಿಂದ ಹಾಕಿದರು. ಯಂತ್ರದ ಸದ್ದು. ದೂರದಲ್ಲಿ ಯಾರೋ ನರ್ಸ್ ನಕ್ಕದ್ದು. ಇವರು ಗಂಟಲು ಸರಿಮಾಡಿಕೊಂಡದ್ದು. ಆಮೇಲೆ...