ಬೆವರಿಗೆ ಬಿದ್ದ ಚಪ್ಪಾಳೆ

ಓಡುವ ಮಹಾಜನರೇ, ಓಡಿಸುವ ಮಹನೀಯರೇ, ಓಡದೆಯೇ ಏದುಸಿರು ಬಿಡುವ ನನ್ನಂಥ ಗಂಡಂದಿರೇ, ಒಂದು ಗಳಿಗೆ ನಿಂತು ಕೇಳಿ. ಈ ಪತ್ರ ನಗರ ಕ್ರೀಡಾಂಗಣದ ಆಹಾರ ಸಲಹಾಧಿಕಾರಿಗಳಿಗೆ, ನೀವೆಲ್ಲ ಸಾಕ್ಷಿಗಳು.

ಮಾನ್ಯ ಸಲಹಾಧಿಕಾರಿಗಳೇ, ನನ್ನ ದೂರು ನಿಮ್ಮ ತೂಕದ ಯಂತ್ರದ ಮೇಲೆ. ಪ್ರತಿ ಭಾನುವಾರ ದೂರದ ಓಟಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಎಲ್ಲರನ್ನೂ ಅದರ ಮೇಲೆ ನಿಲ್ಲಿಸುತ್ತೀರಿ. ಹೆಚ್ಚು ಇಳಿದವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿ ಚಪ್ಪಾಳೆ ಹೊಡೆಸುತ್ತೀರಿ. ಸ್ವಾಮಿ, ಒಂದು ಬೆಳಗಿನ ಓಟದಲ್ಲಿ ಇಳಿಯುವುದು ಕೊಬ್ಬೇ? ಅದು ಬೆವರು. ಮರಳಿ ತುಂಬಬೇಕಾದ ನೀರು, ಉಪ್ಪು. ಕಳೆದುಕೊಂಡವರಿಗೆ ಚಪ್ಪಾಳೆ ತಟ್ಟುವ ಪದ್ಧತಿ ಜೇಬುಗಳ್ಳರಲ್ಲೂ ಇಲ್ಲ.

ನನ್ನ ಹೆಂಡತಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸಹಾಯಕಿ. ವಾರವಿಡೀ ಬೇರೆಯವರ ಬಾಯಿ ತೆರೆಸುತ್ತಾಳೆ. ತನ್ನ ಬಾಯಿಯನ್ನು ಮಾತ್ರ ನಿಮ್ಮ ಸಲಹೆಯಂತೆ ಮುಚ್ಚಿಕೊಂಡಿದ್ದಾಳೆ. ಕಳೆದ ಭಾನುವಾರ ಓಟದ ಕೊನೆಯ ತಿರುವಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಕುಂಟುತ್ತ ಬಂದಳು, ತುಟಿ ಬಿಳಿಚಿತ್ತು.

"ರೀ, ಅದನ್ನ ಒಳಗಿಡಿ. ಈಗ ಕುಡಿದ್ರೆ ಯಂತ್ರ ಚಾಡಿ ಹೇಳುತ್ತೆ."

"ಯಂತ್ರ ಹೇಳ್ಲಿ ಬಿಡೇ. ನೀನು ಬಿದ್ರೆ ನಿಮ್ಮಮ್ಮಂಗೆ ನಾನೇನು ಹೇಳ್ಲಿ?"

"ಚಪ್ಪಾಳೆ ಬಿತ್ತು ಅಂತ ಹೇಳಿ."

ಚಪ್ಪಾಳೆ ಬಿತ್ತು. "ಭೇಷ್ ಮೇಡಂ, ನಿಮ್ಮನ್ನ ನೋಡಿ ಉಳಿದವರು ಕಲೀಬೇಕು!" ಎಂದವರು ತಾವೇ. ಮನೆಯ ಮೆಟ್ಟಿಲ ಮೇಲೆ ಅವಳೂ ಬಿದ್ದಳು. ಮಗಳ ಮುಖಕ್ಕೆ ನೀರು ಚಿಮುಕಿಸುತ್ತ ನಮ್ಮತ್ತೆ ಕೇಳಿದರು: "ಒದ್ದೆ ಟವೆಲ್ ಹಿಂಡಿದ್ರೂ ತೂಕ ಇಳಿಯುತ್ತೆ, ಅಳಿಯಂದ್ರೇ. ಅದಕ್ಕೂ ಚಪ್ಪಾಳೆ ಹೊಡೀತಾರಾ ಆ ಪುಣ್ಯಾತ್ಮರು?"

ಆಸ್ಪತ್ರೆಯ ವೈದ್ಯರು ಸ್ಕ್ಯಾನ್ ಮಾಡಿಸಿ, ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದರು. ವಿಶ್ರಾಂತಿ ಬೇಕು, ಹೊಟ್ಟೆತುಂಬ ಊಟ ಬೇಕು. ಹೀಗೇ ಓಡಿದರೆ ಮೂಳೆ ಮುರಿಯುತ್ತದೆ ಎಂದರು. ಓಟಕ್ಕೆ ಊಟ ಪ್ರಾಸ, ಉಪವಾಸಕ್ಕೆ ತ್ರಾಸ ಪ್ರಾಸ. ಪದವಿ ತರಗತಿಯ ಕೊನೆಯ ಬೆಂಚಿನಲ್ಲಿ ತೂಕಡಿಸಿದ ನನಗೇ ಇಷ್ಟು ಗೊತ್ತು.

ತಮಗೆ ಗೊತ್ತಿಲ್ಲವೆಂದು ನಂಬಲು ಮನಸ್ಸು ಒಪ್ಪದು. ಯಂತ್ರದ ಪಕ್ಕದಲ್ಲೇ 'ಚೇತರಿಕೆ ಪುಡಿ'ಯ ಡಬ್ಬಿಗಳ ಗೋಪುರವೇಕೆ? ಅದನ್ನು ಮಾರುವವನು ತಮ್ಮ ಭಾವಮೈದುನನೇ ಏಕೆ? ಡಬ್ಬಿಯ ಮೇಲೆ 'ಊಟದ ಬದಲು' ಎಂದು ಬರೆಸಿದವರು ಯಾರು? ಮೊದಲು ಹಿಂಡಿ, ಆಮೇಲೆ ಚೇತರಿಕೆ ಮಾರುವುದು ಕಾಲು ಮುರಿದು ಊರುಗೋಲು ಮಾರುವ ವ್ಯಾಪಾರವಲ್ಲವೇ? ಓಡಿ ಬಂದವರಿಗೊಂದು ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಉಪ್ಪು ಬೆರೆಸಿದ ನೀರು ಕೊಡಲು ಯಾವ ಸುತ್ತೋಲೆ ಅಡ್ಡ ಬಂತು? ನಾನು ಸಂಶಯಪಿಶಾಚಿ ಎನ್ನುವಿರಿ. ಇರಬಹುದು. ಪಿಶಾಚಿಯಾದರೂ ಊಟ ಬಿಟ್ಟಿಲ್ಲ.

ಆದಕಾರಣ ಸಾರ್ವಜನಿಕ ಹಿತದೃಷ್ಟಿಯಿಂದ ಒತ್ತಾಯಿಸುತ್ತೇನೆ: ಇಳಿದಷ್ಟನ್ನೂ ಕುಡಿದು, ತಿಂದು ತುಂಬಿಸಿಕೊಂಡವರಿಗೆ ಚಪ್ಪಾಳೆ ಹೊಡೆಸಿ. ಆ ಪುಡಿಗೋಪುರದ ಬಗ್ಗೆ ಬಹಿರಂಗ ವಿಚಾರಣೆ ನಡೆಯಲಿ.

ಸಾರ್ವಜನಿಕ ಹಿತವೆಲ್ಲ ಸುಳ್ಳು, ಸ್ವಾಮಿ. ಬರುವ ಭಾನುವಾರಕ್ಕೆ ಅವಳು ಆಗಲೇ ಬೂಟು ಒರೆಸಿಟ್ಟಿದ್ದಾಳೆ. ಬಡಿಸಿದ ತಟ್ಟೆ ಹಾಗೇ ಇದೆ. ವೈದ್ಯರ ಮಾತು, ತಾಯಿಯ ಮಾತು, ನನ್ನ ಮಾತು ಯಾವುದೂ ನಾಟುತ್ತಿಲ್ಲ. ಅವಳು ಕೇಳುವುದು ನಿಮ್ಮೊಬ್ಬರ ಮಾತನ್ನೇ. ಪುಡಿ ಬೇಕಾದಷ್ಟು ಮಾರಿಕೊಳ್ಳಿ, ನಾನು ತುಟಿ ಪಿಟಕ್ ಎನ್ನುವುದಿಲ್ಲ. ಆ ಧ್ವನಿವರ್ಧಕದಲ್ಲಿ ಒಂದೇ ಒಂದು ಸಲ ಹೇಳಿಬಿಡಿ: "ಮೇಡಂ, ಮನೆಗೆ ಹೋಗಿ ಊಟ ಮಾಡಿ."

ಇಂತಿ,
ತುಂಬಿದ ಬಾಟಲಿ ಹಿಡಿದು ಕೊನೆಯ ತಿರುವಿನಲ್ಲಿ ನಿಂತವನು