ಗಿಳಿಯ ಕಥೆಯ ಡಿಸ್ಕು

ಅಣ್ಣಾ,

ಕೆಲಸಕ್ಕೆ ಹೊರಟೆ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿ.

ಮೇಜಿನ ಮೇಲೆ ಅಜ್ಜಿಯ ದನಿಯಲ್ಲೇ ಕಥೆಗಳಿರುವ ಡಿಸ್ಕುಗಳಿವೆ. ಬಿಸಿಲಿಗೆ ಇಡಬೇಡ.

"ಅಳಿಸಿ ಮತ್ತೆ ಬರೆಯೋ ಡಿಸ್ಕೇ ಲಾಭ ಕಣೇ" ಅಂದಿದ್ದೆಯಲ್ಲ, ನಂಬಿ ಕೆಟ್ಟೆ. ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದ ಕಥೆಯನ್ನು ಒರೆಸಿ ನೀನು ಫುಟ್‌ಬಾಲ್ ಪಂದ್ಯ ತುಂಬಿಸಿದೆ. ಇದ್ದದ್ದೇ ಅದೊಂದು ಪ್ರತಿ. ತೀರಿಕೊಂಡ ಅಜ್ಜಿ ಎದ್ದು ಬಂದು ಮತ್ತೆ ಹೇಳುತ್ತಾಳೆಯೇ?

ಉಳಿದ ಕಥೆಗಳನ್ನು ಈ ಹೊಸ ಡಿಸ್ಕುಗಳಿಗೆ ಇಳಿಸಿದ್ದೇನೆ; ಇವು ಒಂದೇ ಸಲ ಬರೆಯುವಂಥವು. ನೀನು ತಿಪ್ಪರಲಾಗ ಹಾಕಿದರೂ ಅಳಿಸಲಾಗದು. ಸಿಡಿಯಲ್ಲಿ ಹಿಡಿಸದ ಉದ್ದನೆಯ ಕಥೆಗಳು ಡಿವಿಡಿಯಲ್ಲಿವೆ. ಇನ್ನೂ ಹೆಚ್ಚು ಹಿಡಿಸುವ ಬ್ಲೂ-ರೇ ಡಿಸ್ಕು ಬೇಕಿತ್ತು ಅಂತ ರಾಗ ತೆಗೆಯಬೇಡ, ನಮ್ಮ ಹಳೇ ಪ್ಲೇಯರಿನಲ್ಲಿ ಅದು ಓಡದು.

ಕೊನೆಯ ಡಿಸ್ಕಿನಲ್ಲಿ ಗಿಳಿಯ ಕಥೆಯನ್ನು ನಾನೇ ಹೇಳಿದ್ದೇನೆ. ಅಜ್ಜಿಯಷ್ಟು ಚೆನ್ನಾಗಿ ಬಂದಿಲ್ಲ. ಆದರೂ ಕೂತು ಪೂರ್ತಿ ಕೇಳು.

ಈಗ ಅಳಿಸು, ನೋಡೋಣ!